ನೂರಾ ಎಪ್ಪತ್ತೊಂಬತ್ತು

ಐದೂ ಹತ್ತರ ಪ್ಯಾಸೆಂಜರು ಮಂಡ್ಯ ಬಿಟ್ಟಿತು.
ಕಿಟಕಿಗೆ ಭುಜ ಕೊಟ್ಟು, ತೊಡೆಯ ಮೇಲೆ ಬ್ಯಾಗು,
ಬ್ಯಾಗಿನ ಮೇಲೆ ಎಂಟನೇ ಬಿ ವಿಭಾಗದ
ನಲವತ್ತೊಂದು ಉತ್ತರಪತ್ರಿಕೆ.

ಪ್ರಶ್ನೆ ಆರು: ಯಾವುದಾದರೊಂದು ತ್ರಿಭುಜ ರಚಿಸಿ,
ಮೂರೂ ಕೋನಗಳನ್ನು ಅಳೆದು ಮೊತ್ತ ಬರೆಯಿರಿ.
ಅಂಕ ಎರಡು.

ನೂರಾ ಎಂಬತ್ತು. ಸರಿ.
ನೂರಾ ಎಂಬತ್ತು. ಸರಿ.
ಎಲಿಯೂರು ಬರುವ ಹೊತ್ತಿಗೆ ಕಣ್ಣು ನೋಡುವುದನ್ನು ಬಿಟ್ಟು
ಕೆಂಪು ಪೆನ್ನೊಂದೇ ಟಿಕ್ಕು ಹಾಕುತ್ತಿತ್ತು,
ಕಡಲೆಕಾಯಿ ಸುಲಿಯುವವರ ಬೆರಳಿನ ಹಾಗೆ.

ಆಮೇಲೆ ದೇವೀರಮ್ಮ.
ಅಜ್ಜಿಯ ಹೆಸರು ಹೊತ್ತವಳು. ಹಾಜರಿ ಕೂಗಿದರೆ
ಪಕ್ಕದವಳಿಗೂ ಕೇಳದಷ್ಟು ಮೆಲ್ಲಗೆ ಎಸ್ ಮಿಸ್ ಅನ್ನುವವಳು.
ಅರವತ್ತನಾಲ್ಕು, ಎಪ್ಪತ್ತೊಂದು, ನಲವತ್ತನಾಲ್ಕು.
ಮೊತ್ತ ನೂರಾ ಎಪ್ಪತ್ತೊಂಬತ್ತು.
ಅದರ ಕೆಳಗೆ ಎರಡು ಗೆರೆ, ಅನುಮಾನವೇ ಇಲ್ಲದ ಹಾಗೆ.

ತಪ್ಪು ಹಾಕಲು ಎತ್ತಿದ ಕೈ
ಪಾಂಡವಪುರದ ಬ್ರೇಕಿಗೆ ಅಲ್ಲೇ ನಿಂತಿತು.

ಒಂದು ಡಿಗ್ರಿ ಎಲ್ಲಿ ಬಿದ್ದುಹೋಯಿತು?
ಮೊಂಡು ಪೆನ್ಸಿಲಿನ ದಪ್ಪದಲ್ಲೋ,
ಅಣ್ಣನಿಂದ ಬಂದ ಕಂಪಾಸು ಡಬ್ಬಿಯಲ್ಲಿ ಉಜ್ಜಿ ಉಜ್ಜಿ
ಸೊನ್ನೆ ಅಳಿಸಿಹೋದ ಕೋನಮಾಪಕದಲ್ಲೋ?

ನನ್ನದನ್ನು ತೆಗೆದೆ. ಎದುರು ಸೀಟಿನ ಸೌತೆಕಾಯಿ ಬುಟ್ಟಿಯಾಕೆ
"ಅದೇನವ್ವಾ, ಅರ್ಧ ಚಂದ್ರ?" ಅಂದಳು.
ಸರಿ ಎಂದು ಗುರುತು ಹಾಕಿದ್ದನ್ನೆಲ್ಲ ಮತ್ತೆ ಅಳೆದೆ.
ಅಲುಗುವ ರೈಲಿನಲ್ಲಿ ಅಳತೆ ಅಷ್ಟಕ್ಕಷ್ಟೆ; ಆದರೂ
ಕಾಂತರಾಜು ಐವತ್ತು ಎಂದು ಬರೆದ ಕೋನ
ನನ್ನ ಕೈಗೆ ಐವತ್ತಾರಾಗಿ ಸಿಕ್ಕಿತು.
ಮೂರನೆಯದನ್ನು ಯಾರೂ ಅಳೆದೇ ಇರಲಿಲ್ಲ.
ಎರಡು ಅಳೆದು, ನೂರಾ ಎಂಬತ್ತರಲ್ಲಿ ಕಳೆದು,
ಉಳಿದದ್ದನ್ನು ಬರೆದಿದ್ದರು.
ನಾನೇ ಕಲಿಸಿದ ಜಾಣತನ.

ನಲವತ್ತು ಮಂದಿಗೆ ಉತ್ತರ ಗೊತ್ತಿತ್ತು.
ಒಬ್ಬಳು ಅಳೆದಿದ್ದಳು.

ಸಾಧನೆಯೇನೋ ಹದಿನೇಳು ವರ್ಷದಿಂದ ಬಾಯಿಪಾಠ:
ಮೇಲಿನ ಮೂಲೆಗೆ ತಾಗಿಸಿ
ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ.
ಕೆಳಗಿನ ಕೋನಗಳೆರಡೂ ಮೇಲೆ ಬಂದು
ತುದಿಯ ಕೋನದ ಅಕ್ಕಪಕ್ಕ ಕೂರುತ್ತವೆ,
ಮೂರೂ ಸೇರಿ ನೆಟ್ಟನೆಯ ಸರಳರೇಖೆ, ಎಳ್ಳಷ್ಟೂ ಸಂದಿಯಿಲ್ಲ.
ಆ ಗೆರೆಗೆ ದಪ್ಪವಿಲ್ಲ. ಆ ಮೂಲೆಗೆ ಅಗಲವಿಲ್ಲ.
ಅಂಥ ತ್ರಿಭುಜ ಸೊಸೈಟಿ ಅಂಗಡಿಯ
ಯಾವ ಹಾಳೆಯ ಮೇಲೂ ಕೂರುವುದಿಲ್ಲ.

ಕಾವೇರಿಯ ಸೇತುವೆ ದಡಬಡ ಅಂದಿತು.
ಪಕ್ಕದ ಹಳಿಯ ಕಂಬಿಗಳು ದೂರದಲ್ಲಿ ಕೂಡಿದಂತೆ ಕಂಡವು.
ಕೂಡುವುದಿಲ್ಲ ಎಂದು ನನಗೆ ಗೊತ್ತು.
ಹೋಗಿ ನೋಡಿಲ್ಲ.

ಒಂದೂವರೆ ಕೊಟ್ಟೆ.
ಅರ್ಧ ಯಾಕೆ ಕಳೆದೆ ಎಂದು
ನಾಗನಹಳ್ಳಿ ದಾಟಿದರೂ ಹೊಳೆಯಲಿಲ್ಲ.

ಮರುದಿನ ಕರೆದು ಕೇಳಿದೆ.
"ಮೂರು ಸಲ ಅಳೆದೆ ಮಿಸ್. ಒಂದ್ಸಲ ನೂರಾ ಎಂಬತ್ತೊಂದು ಬಂತು.
ಇನ್ನೊಂದ್ಸಲ ನೂರಾ ಎಪ್ಪತ್ತೊಂಬತ್ತು.
ಮೂರನೇ ಸಲಾನೂ ಅದೇ ಬಂತು, ಅದ್ಕೇ ಅದನ್ನ ಬರೆದೆ."
"ನೂರಾ ಎಂಬತ್ತು ಅಂತ ಗೊತ್ತಿರಲಿಲ್ವಾ?"
"ಗೊತ್ತಿತ್ತು ಮಿಸ್.
ಅಳೆದು ಬರೀರಿ ಅಂತ ಇತ್ತಲ್ಲ."

ಅಂದು ಬೋರ್ಡಿನ ಮೇಲೆ ಪಂಚಭುಜ.
ಒಂದೇ ಶೃಂಗದಿಂದ ಎರಡು ಕರ್ಣ ಎಳೆದೆ, ಮೂರು ತ್ರಿಭುಜವಾಯಿತು.
ಮೂರು ನೂರಾ ಎಂಬತ್ತಲೆ ಐನೂರಾ ನಲವತ್ತು ಎಂದು
ತರಗತಿ ಮಗ್ಗಿಯ ರಾಗದಲ್ಲಿ ಕೂಗಿತು.

ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು,
ಮೊಣಕೈ ಇನ್ನೂ ಲಘುಕೋನ, ಪೂರ್ತಿ ಎತ್ತಲು ಧೈರ್ಯವಿಲ್ಲ.
"ಮಿಸ್, ಒಂದೊಂದರಲ್ಲೂ ಒಂದೊಂದು ಡಿಗ್ರಿ ತಪ್ಪಿದ್ರೆ
ಇದರಲ್ಲಿ ಮೂರು ತಪ್ಪುತ್ತಾ? ಇಲ್ಲಾ
ಒಂದು ಜಾಸ್ತಿ ಬಂದು ಇನ್ನೊಂದು ಕಮ್ಮಿ ಬಂದು
ಅವ್ವೇ ಸರಿ ಮಾಡ್ಕೊಳ್ತವಾ?"

ಯಾರೋ ಕಿಸಕ್ಕೆಂದರು.
ಸೀಮೆಸುಣ್ಣ ಕೆಳಗಿಟ್ಟೆ.
"ಕೋನಮಾಪಕ ತೆಗೀರಿ" ಅಂದೆ,
"ಎಲ್ಲರೂ. ಐದೂ ಮೂಲೆ.
ಕಾಂತರಾಜು, ಐದನೆಯದನ್ನೂ."